ನೆರೆಗೆ ಬಿಚ್ಚುವ ಕೈ ಬರಕ್ಕೆ ಯಾಕೆ ಬಿಚ್ಚುವುದಿಲ್ಲ?

2019ರ ಆಗಸ್ಟ್‌ನಲ್ಲಿ ಕೃಷ್ಣಾ, ಘಟಪ್ರಭಾ, ಮಲಪ್ರಭಾ ಮೂರೂ ಹೊಳೆಗಳು ಒಟ್ಟಿಗೇ ತುಂಬಿ ಬಂದವು. ಬೆಳಗಾವಿ, ಬಾಗಲಕೋಟೆ ಜಿಲ್ಲೆಗಳ ಹೊಳೆದಂಡೆಯ ಊರುಗಳು ನೀರಿಗೆ ಹೋದವು. ನಮ್ಮ ವಿಜಯಪುರ ಜಿಲ್ಲೆಯಲ್ಲೂ ಕೃಷ್ಣೆಯ ದಂಡೆಯವರು ಮನೆ ಬಿಟ್ಟು ಬಂದರು. ನಾವಿರುವ ಪಟ್ಟಣದಲ್ಲಿ ಮಾತ್ರ ಮಳೆಯ ಸುದ್ದಿಯೇ ಇರಲಿಲ್ಲ. ಟಿವಿ ಹಚ್ಚಿದರೆ ಎಲ್ಲೆಲ್ಲೂ ನೀರು, ಬಾಗಿಲು ತೆಗೆದರೆ ನಲ್ಲಿಗೆ ಕಾಯುತ್ತಿದ್ದ ಕೊಡಗಳ ಸಾಲು.

ಆ ವಾರ ನಮ್ಮ ಓಣಿಯ ಹೆಂಗಸರೆಲ್ಲ ಸೇರಿ ನೆರೆಗೆ ಸಿಕ್ಕ ಮುಧೋಳ ಕಡೆಯವರಿಗೆಂದು ರೊಟ್ಟಿ ಬಡಿದರು. ಗುಡಿಯ ಹಿಂದಿನ ಪಡಸಾಲೆಯಲ್ಲಿ ಒಲೆ ಹೂಡಿದರು. ಜೋಳದ ಹಿಟ್ಟು ಮನೆಮನೆಯಿಂದ ಬಂತು. ಒಬ್ಬರು ಕುದಿಯುವ ನೀರು ಹಾಕಿ ಹಿಟ್ಟು ನಾದುವುದು, ಮೂವರು ಬಡಿಯುವುದು, ಇನ್ನೊಬ್ಬರು ಹಂಚಿನ ಮೇಲಿನ ರೊಟ್ಟಿಗೆ ಒದ್ದೆ ಬಟ್ಟೆ ಸವರಿ ಮಗುಚುವುದು. ಬೆಂದ ರೊಟ್ಟಿಗಳನ್ನು ಒಲೆಯ ಬದಿಗೆ ಆನಿಸಿಟ್ಟು ಕಡಕ್ ಮಾಡಿದರು, ವಾರಗಟ್ಟಲೆ ಇಟ್ಟರೂ ಕೆಡಬಾರದು ಅಂತ. ಶೇಂಗಾ ಹಿಂಡಿ, ಗುರೆಳ್ಳು ಹಿಂಡಿ ಪೊಟ್ಟಣ ಕಟ್ಟಿದರು. ಮಧ್ಯಾಹ್ನದ ಹೊತ್ತಿಗೆ ಆ ಪಡಸಾಲೆ ಮದುವೆ ಮನೆಯ ಹಾಗಾಗಿತ್ತು. ಹಾಡು, ನಗೆ, ಒಬ್ಬರನ್ನೊಬ್ಬರು ಕಾಡಿಸುವುದು. ರೊಟ್ಟಿ ಬಡಿಯುತ್ತಿದ್ದ ಹಿರಿಯರೊಬ್ಬರು ಇದ್ದಕ್ಕಿದ್ದಂತೆ ಕೈ ನಿಲ್ಲಿಸಿ ನನ್ನನ್ನು ಕೇಳಿದರು: "ಅಲ್ಲಿ ಮಂದಿ ಮನಿ ಕಳಕೊಂಡು ಕುಂತಾರ, ನಾವಿಲ್ಲಿ ನಕ್ಕೋತ ಕುಂತೇವಿ. ಇದು ಪಾಪ ಅಲ್ಲೇನವ್ವಾ?"

ಪಾಪ ಅಲ್ಲ ಎಂದು ಅವತ್ತೇ ಹೇಳಿದೆ. ಕಾಲೇಜಿನಲ್ಲಿ ಮನಃಶಾಸ್ತ್ರ ಕಲಿಸುವುದು ನನ್ನ ಕೆಲಸ. ಯಾಕೆ ಪಾಪ ಅಲ್ಲ ಎಂಬುದನ್ನು ಇಲ್ಲಿ ಸ್ವಲ್ಪ ಬಿಡಿಸಿ ಹೇಳಬೇಕು.

2006ರಲ್ಲಿ ಜಾರ್ಜ್ ಮೊಲ್, ಜೋರ್ಡನ್ ಗ್ರಾಫ್‌ಮನ್ ಮತ್ತು ಅವರ ಸಂಗಡಿಗರು ಒಂದು ಪ್ರಯೋಗದ ಫಲಿತಾಂಶ ಪ್ರಕಟಿಸಿದರು. 19 ಜನರನ್ನು ಎಫ್‌ಎಂಆರ್‌ಐ ಯಂತ್ರದಲ್ಲಿ ಮಲಗಿಸಿದ್ದರು. ಮೆದುಳಿನ ಯಾವ ಭಾಗಕ್ಕೆ ಯಾವ ಹೊತ್ತಿನಲ್ಲಿ ರಕ್ತ ಜಾಸ್ತಿ ಹರಿಯಿತು ಎಂದು ತೋರಿಸುವ ಯಂತ್ರ ಅದು. ಎದುರಿನ ಪರದೆಯಲ್ಲಿ ಒಂದೊಂದೇ ಸೇವಾಸಂಸ್ಥೆಯ ಹೆಸರು ಬರುತ್ತಿತ್ತು. ದುಡ್ಡು ಕೊಡಬಹುದು, ಕೊಡದೆ ಬಿಡಬಹುದು. ಕೆಲವು ಸಲ ಕೊಟ್ಟರೆ ತಮ್ಮ ಪಾಲಿನ ದುಡ್ಡೇ ಕಡಿಮೆಯಾಗುತ್ತಿತ್ತು. ದುಡ್ಡು ತಮ್ಮ ಕೈಗೆ ಬಂದಾಗ ಚುರುಕಾಗುವ ಭಾಗ ಯಾವುದೋ, ಕೊಡುವ ನಿರ್ಧಾರ ಮಾಡಿದಾಗಲೂ ಅದೇ ಭಾಗ ಚುರುಕಾಯಿತು. ಅದು ಮೆದುಳಿನ ಆಳದಲ್ಲಿರುವ ಸ್ಟ್ರಯೇಟಮ್ ಮತ್ತು ಅದಕ್ಕೆ ಡೋಪಮಿನ್ ಎಂಬ ರಾಸಾಯನಿಕ ಕಳಿಸುವ ಜಾಗ. ಹಸಿದಾಗ ಅನ್ನ ಸಿಕ್ಕರೂ ಇದೇ ಭಾಗ ಎಚ್ಚರಾಗುತ್ತದೆ. ಕೊಡುವಾಗ ಇದರ ಜೊತೆಗೆ ಇನ್ನೊಂದು ಭಾಗವೂ ಎದ್ದಿತ್ತು. ತಾಯಿ ಮಕ್ಕಳ ನಂಟಿನಲ್ಲಿ, ಹತ್ತಿರದವರ ಮೇಲಿನ ಅಕ್ಕರೆಯಲ್ಲಿ ಪಾಲುಗೊಳ್ಳುವ ಭಾಗ. ದುಡ್ಡು ಪಡೆಯುವಾಗ ಅದು ಏಳಲಿಲ್ಲ. ನನ್ನ ಮಟ್ಟಿಗೆ ಆ ಪ್ರಯೋಗದ ತಿರುಳು ಇದೇ.

ಮರುವರ್ಷ ಅಮೆರಿಕದ ಒರೆಗಾನ್ ವಿಶ್ವವಿದ್ಯಾಲಯದಲ್ಲಿ ವಿಲಿಯಂ ಹಾರ್ಬೋ, ಉಲ್ರಿಚ್ ಮೇಯರ್ ಮತ್ತು ಡೇನಿಯಲ್ ಬರ್ಗಾರ್ಟ್ ಇನ್ನೊಂದು ಬಗೆಯಲ್ಲಿ ನೋಡಿದರು. 19 ಹೆಂಗಸರು, ಒಬ್ಬೊಬ್ಬರ ಲೆಕ್ಕದಲ್ಲಿ 100 ಡಾಲರ್. ಕೆಲವು ಸಲ ಆ ದುಡ್ಡಿನಿಂದ ಒಂದು ಪಾಲು ತೆರಿಗೆಯ ಹಾಗೆ ಕೇಳದೇ ಕಡಿತವಾಗಿ ಬಡವರಿಗೆ ಆಹಾರ ಹಂಚುವ ಸಂಸ್ಥೆಗೆ ಹೋಗುತ್ತಿತ್ತು. ಕೆಲವು ಸಲ ಅವರೇ ಮನಸ್ಸು ಮಾಡಿ ಕೊಡಬೇಕು. ಕೇಳದೇ ಕಡಿತವಾದಾಗಲೂ ಆ ಖುಷಿಯ ಭಾಗ ಮಿಸುಕಾಡಿತು. ತಾವಾಗಿ ಕೊಟ್ಟಾಗ ಇನ್ನೂ ಜಾಸ್ತಿ.

ಹತ್ತೊಂಬತ್ತು ಜನರ ಮೆದುಳು ನೋಡಿ ಇಡೀ ಮನುಷ್ಯಕುಲದ ಬಗ್ಗೆ ತೀರ್ಪು ಕೊಡಲು ಬರುವುದಿಲ್ಲ. ಒಂದು ಭಾಗಕ್ಕೆ ರಕ್ತ ಹರಿದದ್ದನ್ನು ನೋಡಿ ಆ ಮನುಷ್ಯನ ಒಳಗೆ ಏನಿತ್ತು ಎಂದು ಓದಲೂ ಬರುವುದಿಲ್ಲ. ನನಗೆ ಜಾಸ್ತಿ ನಂಬಿಕೆ ಬರುವುದು ಬೇರೆ ಬೇರೆ ದಾರಿಯಲ್ಲಿ ಹೊರಟವರು ಒಂದೇ ಕಡೆ ಬಂದು ಸೇರಿದಾಗ. 2008ರಲ್ಲಿ ಎಲಿಜಬೆತ್ ಡನ್, ಲಾರಾ ಆಕ್ನಿನ್, ಮೈಕೆಲ್ ನಾರ್ಟನ್ ಯಂತ್ರವನ್ನೇ ಬಳಸದೆ ಒಂದು ಸರಳ ಕೆಲಸ ಮಾಡಿದರು. ಬೆಳಿಗ್ಗೆ ಜನರ ಕೈಗೆ ಲಕೋಟೆ ಕೊಟ್ಟರು. ಒಳಗೆ 5 ಡಾಲರ್ ಇಲ್ಲವೇ 20 ಡಾಲರ್. ಅರ್ಧ ಜನ ಸಂಜೆ ಐದರೊಳಗೆ ಅದನ್ನು ತಮಗಾಗಿ ಖರ್ಚು ಮಾಡಬೇಕು, ಉಳಿದವರು ಬೇರೆಯವರಿಗಾಗಿ. ಸಂಜೆ ಕೇಳಿದಾಗ ಬೇರೆಯವರಿಗೆ ಖರ್ಚು ಮಾಡಿದವರೇ ಹೆಚ್ಚು ಖುಷಿಯಲ್ಲಿದ್ದರು. ಐದೋ ಇಪ್ಪತ್ತೋ ಎಂಬುದರಿಂದ ವ್ಯತ್ಯಾಸ ಆಗಲಿಲ್ಲ. 2012ರಲ್ಲಿ ಆಕ್ನಿನ್ ಮತ್ತು ಸಂಗಡಿಗರು ಎರಡು ವರ್ಷ ತುಂಬದ ಮಕ್ಕಳಲ್ಲೂ ಇದನ್ನೇ ಕಂಡರು. ತಿನಿಸು ಸಿಕ್ಕಾಗಿಗಿಂತ ಅದನ್ನು ಒಂದು ಗೊಂಬೆಗೆ ಕೊಟ್ಟಾಗ ಮಕ್ಕಳ ಮುಖ ಹೆಚ್ಚು ಅರಳಿತು. ತಮ್ಮ ಬಟ್ಟಲಿನದೇ ಕೊಟ್ಟಾಗಂತೂ ಮತ್ತೂ ಹೆಚ್ಚು. ಪುಣ್ಯ, ಮರ್ಯಾದೆ, ಪೇಪರಿನಲ್ಲಿ ಹೆಸರು, ಇವು ಯಾವುವೂ ಗೊತ್ತಿಲ್ಲದ ವಯಸ್ಸು ಅದು.

ಇದನ್ನೆಲ್ಲ ಕ್ಲಾಸಿನಲ್ಲಿ ಹೇಳಿದಾಗ ಯಾರಾದರೂ ಒಬ್ಬರು ಎದ್ದು ಕೇಳಿಯೇ ಕೇಳುತ್ತಾರೆ. "ಹಂಗಾದ್ರ ದಾನ ಅನ್ನೋದೂ ಸ್ವಾರ್ಥನ ಆತಲ್ರಿ ಮೇಡಂ?" ಒಳ್ಳೆಯ ಪ್ರಶ್ನೆ. 1990ರ ಹೊತ್ತಿಗೆ ಜೇಮ್ಸ್ ಆಂಡ್ರಿಯೋನಿ ಎಂಬ ಅರ್ಥಶಾಸ್ತ್ರಜ್ಞರು ಹೆಚ್ಚು ಕಡಿಮೆ ಇದನ್ನೇ ಲೆಕ್ಕದ ಭಾಷೆಯಲ್ಲಿ ಹೇಳಿದ್ದರು: ಜನ ಬೇರೆಯವರ ಒಳಿತಿಗಾಗಿ ಮಾತ್ರ ಕೊಡುವುದಿಲ್ಲ, ಕೊಟ್ಟಾಗ ಒಳಗೆ ಬೆಚ್ಚಗಾಗುತ್ತದಲ್ಲ, ಅದಕ್ಕಾಗಿಯೂ ಕೊಡುತ್ತಾರೆ. ನನ್ನ ಉತ್ತರ ಆ ಲಕೋಟೆಯ ಪ್ರಯೋಗದಲ್ಲೇ ಇದೆ. ಡನ್ ಅವರು ಬೇರೊಂದು ಗುಂಪನ್ನು ಕೇಳಿದ್ದರು, ಇವರಲ್ಲಿ ಯಾರು ಹೆಚ್ಚು ಖುಷಿಯಾಗಿರುತ್ತಾರೆ ಅಂತ. ತಮಗಾಗಿ ಖರ್ಚು ಮಾಡಿದವರು, ಅದೂ 20 ಡಾಲರ್ ಸಿಕ್ಕವರು ಎಂದು ಹೆಚ್ಚಿನವರು ಹೇಳಿದರು. ಎರಡೂ ತಪ್ಪು. ಬರುವುದೇ ಗೊತ್ತಿಲ್ಲದ ಖುಷಿಗಾಗಿ ಯಾರಾದರೂ ಲೆಕ್ಕ ಹಾಕಿ ಕೊಡಲು ಸಾಧ್ಯವಾ? ನಮ್ಮ ಓಣಿಯವರು ನಗಲಿಕ್ಕೆಂದು ರೊಟ್ಟಿ ಬಡಿಯಲು ಕೂತಿರಲಿಲ್ಲ. ರೊಟ್ಟಿ ಬಡಿಯುತ್ತ ಕೂತಾಗ ನಗೆ ಬಂತು. ಅದರಿಂದ ಮುಧೋಳದಲ್ಲಿ ತಿಂದವರ ರೊಟ್ಟಿ ಒಂದಿಷ್ಟೂ ಕಡಿಮೆಯಾಗಲಿಲ್ಲ.

ನನ್ನನ್ನು ಕಾಡುವ ಪ್ರಶ್ನೆ ಬೇರೆ. ಈ ಖುಷಿ ಯಾವಾಗ ಎಳೆಯುತ್ತದೆ, ಯಾವಾಗ ಸುಮ್ಮನಿರುತ್ತದೆ?

2023ರಲ್ಲಿ ಮುಂಗಾರು ಕೈಕೊಟ್ಟಿತು. ರಾಜ್ಯದ 236 ತಾಲ್ಲೂಕುಗಳಲ್ಲಿ 223ನ್ನು ಬರಪೀಡಿತ ಎಂದು ಸರ್ಕಾರ ಘೋಷಿಸಿತು. ನಮ್ಮ ಜಿಲ್ಲೆಗೆ ಬರ ಹೊಸದೇನಲ್ಲ. ಇಂಡಿ ಕಡೆ ಟ್ಯಾಂಕರ್ ನೀರು ಹಾಕಿ ಲಿಂಬೆ ಗಿಡ ಉಳಿಸಿಕೊಳ್ಳಲು ಒದ್ದಾಡಿದರು. ತಾಂಡಾಗಳಲ್ಲಿ ಬೀಗ ಬಿದ್ದ ಮನೆಗಳು. ಕಬ್ಬು ಕಡಿಯಲು ಮಹಾರಾಷ್ಟ್ರಕ್ಕೆ, ಕಟ್ಟಡದ ಕೆಲಸಕ್ಕೆ ಗೋವಾ, ಮಂಗಳೂರು, ಬೆಂಗಳೂರಿಗೆ ಗುಳೆ ಹೋದವರು. ದೊಡ್ಡ ಮಕ್ಕಳನ್ನು ಅಜ್ಜಿ ಹತ್ತಿರ ಬಿಟ್ಟು, ಹಾಲು ಕುಡಿಯುವ ಕೂಸನ್ನು ಎತ್ತಿಕೊಂಡು ಹೋದ ತಾಯಂದಿರು. ಆ ವರ್ಷ ಯಾರೂ ಒಲೆ ಹೂಡಲಿಲ್ಲ. ಯಾವ ಸಂಘದವರೂ ಡಬ್ಬಿ ಹಿಡಿದು ಮಾರ್ಕೆಟ್ಟಿನಲ್ಲಿ ತಿರುಗಿದ್ದು ನಾನು ನೋಡಲಿಲ್ಲ. ನಮ್ಮ ಜನ ಕೆಟ್ಟವರಾಗಿಬಿಟ್ಟರಾ? ಇಲ್ಲ. ನಾಲ್ಕು ವರ್ಷದ ಹಿಂದೆ ಅಷ್ಟು ರೊಟ್ಟಿ ಕಳಿಸಿದ ಜನವೇ ಇವರು.

ನೆರೆಗೆ ಒಂದು ದಿನ ಇದೆ. ಕೊಚ್ಚಿಹೋಗುವ ಗೋಡೆ ಇದೆ, ಮರ ಹಿಡಿದು ಕೂತ ಮನುಷ್ಯ ಇದ್ದಾನೆ. ಟಿವಿಗೆ ಬೇಕಾದದ್ದೆಲ್ಲ ಇದೆ. ಬರಕ್ಕೆ ಇಂಥ ದಿನ ಅಂತ ಇಲ್ಲ. ಅದು ಜೂನ್‌ನಲ್ಲಿ ಶುರುವಾಗಿ ಮುಂದಿನ ಮೇ ತನಕ ಒಂದೊಂದೇ ಮನೆಗೆ ಬರುತ್ತದೆ. ಇದನ್ನು ನಾನು ಸುಮ್ನೆ ಊಹಿಸಿ ಹೇಳುತ್ತಿಲ್ಲ. ಥಾಮಸ್ ಐಸೆನ್ಸೀ ಮತ್ತು ಡೇವಿಡ್ ಸ್ಟ್ರೋಂಬರ್ಗ್ ಎಂಬಿಬ್ಬರು 1968ರಿಂದ 2002ರವರೆಗಿನ ಸುಮಾರು 5,000 ಪ್ರಕೃತಿ ವಿಕೋಪಗಳನ್ನು, ಅಮೆರಿಕದ ಟಿವಿ ಸುದ್ದಿಗಳನ್ನು, ಆ ದೇಶ ಕೊಟ್ಟ ನೆರವನ್ನು ಪಕ್ಕಪಕ್ಕ ಇಟ್ಟು ನೋಡಿ 2007ರಲ್ಲಿ ಬರೆದರು. ಜ್ವಾಲಾಮುಖಿಗೆ ಒಬ್ಬ ಬಲಿಯಾದರೆ ಸುದ್ದಿಯಾಗುವ ಸಾಧ್ಯತೆ ಎಷ್ಟಿದೆಯೋ, ಆಹಾರದ ಕೊರತೆಗೆ ಅಷ್ಟೇ ಸಾಧ್ಯತೆ ಬರಬೇಕಾದರೆ ಸುಮಾರು 40,000 ಜನ ಸಾಯಬೇಕು. ಸುದ್ದಿ ಹೋದ ಕಡೆಗೇ ನೆರವೂ ಹೋಗುತ್ತದೆ ಎಂಬುದೂ ಅವರ ಲೆಕ್ಕದಲ್ಲಿ ಕಂಡಿತು. ಈ ಸಂಖ್ಯೆಯನ್ನು ಮೊದಲ ಸಲ ಓದಿದ ದಿನ ನಾನು ಪುಸ್ತಕ ಮುಚ್ಚಿಟ್ಟು ತುಂಬಾ ಹೊತ್ತು ಕೂತಿದ್ದೆ.

ಇನ್ನೊಂದು ಕಾರಣವೂ ಇದೆ, ಅದನ್ನು ಹೇಳಲು ಮನಸ್ಸಿಗೆ ಕಷ್ಟವಾಗುತ್ತದೆ. 2011ರಲ್ಲಿ ಹನ್ನಾ ಜಾಗೆಫ್ಕಾ ಮತ್ತು ಸಂಗಡಿಗರು ಪ್ರಕಟಿಸಿದ ಅಧ್ಯಯನಗಳ ಪ್ರಕಾರ, ಪ್ರಕೃತಿಯಿಂದ ಆದ ಕಷ್ಟಕ್ಕೆ ಜನ ಹೆಚ್ಚು ಕೊಡುತ್ತಾರೆ. ಮನುಷ್ಯರಿಂದ ಆದದ್ದು ಅನ್ನಿಸಿದರೆ ಕೈ ಹಿಂದೆ ಸರಿಯುತ್ತದೆ, ಯಾಕೆಂದರೆ ನೊಂದವರದೇ ಏನೋ ತಪ್ಪಿರಬೇಕು ಎಂದು ಮನಸ್ಸು ಹುಡುಕುತ್ತದೆ. ನಮ್ಮಲ್ಲಿ ಈ ಮಾತು ಹೇಗೆ ಕೇಳಿಸುತ್ತದೆ ಗೊತ್ತಲ್ಲ? ಅವರಿಗೆ ಯಾರು ಬೋರ್ ಹೊಡೆಸು ಅಂದರು, ಒಣಭೂಮಿಯಲ್ಲಿ ಯಾರು ಕಬ್ಬು ಹಚ್ಚು ಅಂದರು, ಸಾಲ ಮಾಡಿ ಮದುವೆ ಮಾಡಿದರೆ ಇನ್ನೇನಾಗುತ್ತದೆ. ಹೊಳೆ ಬಂದು ಮನೆ ಕೊಚ್ಚಿಕೊಂಡು ಹೋದವನಿಗೆ ಹೊಳೆದಂಡೆಯಲ್ಲಿ ಯಾಕೆ ಮನೆ ಕಟ್ಟಿದೆ ಎಂದು ಆ ವಾರ ಯಾರೂ ಕೇಳುವುದಿಲ್ಲ. ಗುಳೆ ಹೋದವನಿಗೆ ಮಾತ್ರ ಎಲ್ಲರೂ ಲೆಕ್ಕ ಕೇಳುತ್ತಾರೆ.

ಒಂದೇ ಒಂದು ಮುಖ ಕಂಡರೆ ಕೈ ಬಿಚ್ಚುತ್ತದೆ ಎಂಬ ಮಾತೂ ಇಲ್ಲೇ ಬರುತ್ತದೆ. ಡೆಬೊರಾ ಸ್ಮಾಲ್, ಜಾರ್ಜ್ ಲೋವೆನ್‌ಸ್ಟೀನ್, ಪಾಲ್ ಸ್ಲೊವಿಕ್ 2007ರಲ್ಲಿ ಪ್ರಕಟಿಸಿದ ಪ್ರಯೋಗ ಈ ವಿಷಯದಲ್ಲಿ ಎಲ್ಲರಿಗಿಂತ ಹೆಸರುವಾಸಿ. ಜನರ ಕೈಗೆ 5 ಡಾಲರ್ ಕೊಟ್ಟು ಆಫ್ರಿಕಾದ ಹಸಿವಿಗೆ ಎಷ್ಟು ಕೊಡುತ್ತೀರಿ ಎಂದು ಕೇಳಿದರು. ಲಕ್ಷಾಂತರ ಜನರ ಅಂಕಿಸಂಖ್ಯೆ ಓದಿದವರು ಸರಾಸರಿ 1.14 ಡಾಲರ್ ಕೊಟ್ಟರು. ಮಾಲಿ ದೇಶದ ರೋಕಿಯಾ ಎಂಬ 7 ವರ್ಷದ ಹುಡುಗಿಯ ಚಿತ್ರ, ಕತೆ ನೋಡಿದವರು 2.38 ಡಾಲರ್ ಕೊಟ್ಟರು. ಎರಡನ್ನೂ ಒಟ್ಟಿಗೆ ತೋರಿಸಿದರೆ ಜಾಸ್ತಿ ಬರಬೇಕಿತ್ತು, ಅಲ್ವಾ? ಬಂದದ್ದು 1.43. ಸಂಖ್ಯೆ ಬಂದು ಮುಖವನ್ನು ಮಂಕು ಮಾಡಿತು. ಇದನ್ನು ಈಗ ಪಾಠದಲ್ಲಿ ಹೇಳುವಾಗ ಮುಂದಿನದನ್ನೂ ಹೇಳುತ್ತೇನೆ. 2016ರಲ್ಲಿ ಇಂಥ ಹಲವು ಅಧ್ಯಯನಗಳನ್ನು ಕೂಡಿಸಿ ನೋಡಿದಾಗ ಪರಿಣಾಮ ಇದೆ, ಆದರೆ ತೀರಾ ಸಣ್ಣದು ಎಂದು ಕಂಡಿತು. ಆಮೇಲೆ ಇದೇ ಪ್ರಯೋಗವನ್ನು ದೊಡ್ಡದಾಗಿ ಮತ್ತೆ ಮಾಡಿದವರಿಗೆ ಅದು ಸಿಗಲೇ ಇಲ್ಲ. ಹಾಗಾಗಿ ಒಂದು ಫೋಟೋ ಹಾಕಿದರೆ ದುಡ್ಡು ಎರಡು ಪಟ್ಟು ಬರುತ್ತದೆ ಎಂದು ಯಾರಾದರೂ ಖಡಾಖಂಡಿತ ಹೇಳಿದರೆ ನಂಬಬೇಡಿ. ಆದರೆ ವಾಟ್ಸಾಪ್‌ನಲ್ಲಿ ಒಂದು ಕೂಸಿನ 16 ಕೋಟಿ ರೂಪಾಯಿ ಚುಚ್ಚುಮದ್ದಿಗೆ ನಾವೆಲ್ಲ ದುಡ್ಡು ಕಳಿಸಿದ್ದೇವೆ. ಆ ಕೂಸು ಬದುಕಬೇಕು, ಕಳಿಸಿದ್ದು ಸರಿ. ನಮ್ಮದೇ ತಾಲ್ಲೂಕಿನಲ್ಲಿ ರಕ್ತ ಕಡಿಮೆಯಾಗಿ ಬಿಳಿಚಿಕೊಂಡಿರುವ ಹೆಣ್ಣುಮಕ್ಕಳ ಬಗ್ಗೆ ಅಂಥ ಒಂದು ಮೆಸೇಜೂ ಬರುವುದಿಲ್ಲ. ಅವರು ಒಬ್ಬರಲ್ಲ, ಅದಕ್ಕೇ.

ಕೊಡುವ ಖುಷಿಗೆ ಇನ್ನೊಂದು ಕೊರತೆ ಇದೆ. ಅದು ಕೊಟ್ಟ ತಕ್ಷಣ ಬಂದುಬಿಡುತ್ತದೆ. ತಲುಪಿತಾ, ಬೇಕಾಗಿತ್ತಾ ಎಂದು ಕಾಯುವುದಿಲ್ಲ. ನೆರೆಯ ಆ ದಿನಗಳಲ್ಲಿ ನಮ್ಮ ರೊಟ್ಟಿಯ ಗಾಡಿಯ ಜೊತೆ ನಾನೂ ಮುಧೋಳ ಕಡೆ ಒಂದು ಶಾಲೆಗೆ ಹೋಗಿದ್ದೆ. ಶಾಲೆಯ ಜಗಲಿಯ ಮೇಲೆ ಆಳೆತ್ತರ ಬಟ್ಟೆಯ ರಾಶಿ. ಹರಿದ ಚೂಡಿದಾರ, ಗುಂಡಿಯಿಲ್ಲದ ಶರ್ಟು, ಒಂದೇ ಕಾಲಿನ ಬೂಟು, ಯಾರದೋ ಮನೆಯ ಬಣ್ಣಗೆಟ್ಟ ಪರದೆ. ಮಳೆಯ ಎರಚಲಿಗೆ ನೆನೆದು ವಾಸನೆ ಬರುತ್ತಿತ್ತು. ನಲವತ್ತರ ಆಸುಪಾಸಿನ ಹೆಣ್ಣುಮಗಳೊಬ್ಬಳು ಅದರತ್ತ ನೋಡಲೂ ಇಲ್ಲ. ಸೀದಾ ನಮ್ಮ ಗಾಡಿಯ ಹತ್ತಿರ ಬಂದು ಒಳಗೆ ಇಣುಕಿದಳು. "ಅಕ್ಕಾರ, ರೊಟ್ಟಿ ಚಲೋ ಆತ್ರಿ. ದನಕ್ಕ ಮೇವು ಏನರ ತಂದೀರೇನ್ರಿ? ಬಣವಿ ಹೊಳಿಯಾಗ ಹೋತ್ರಿ. ಎಮ್ಮಿ ಎರಡು ದಿನ ಆತು ಬರೀ ನೀರಿನ ಮ್ಯಾಲ ನಿಂತಾವ." ನಮ್ಮ ಗಾಡಿಯಲ್ಲಿ ಒಂದು ಸಿವುಡು ಕಣಕಿಯೂ ಇರಲಿಲ್ಲ. ನಮ್ಮ ಪಟ್ಟಿಯಲ್ಲಿ ಮನುಷ್ಯರಿದ್ದರು, ಎಮ್ಮೆ ಇರಲಿಲ್ಲ. ಆ ಎಮ್ಮೆಯ ಹಾಲಿನಿಂದಲೇ ಅವಳ ಮನೆಯ ಸಂತೆ ನಡೆಯುತ್ತಿತ್ತು.

ಹರಕು ಬಟ್ಟೆ ಕಳಿಸಿದವರಿಗೂ ಅವತ್ತು ರಾತ್ರಿ ಚೆನ್ನಾಗಿ ನಿದ್ದೆ ಬಂದಿರುತ್ತದೆ. ನನಗೆ ಸಿಟ್ಟು ಬರುವುದು ಇಲ್ಲಿ. ಕಪಾಟು ಖಾಲಿ ಮಾಡುವುದನ್ನು ದಾನ ಎಂದು ಕರೆಯಬಾರದು. ಅದೇ ಶಾಲೆಯಲ್ಲಿ ಬಿಸ್ಕಿಟ್ ಪುಡಿಕೆ ಕೊಡುವಾಗ ಕೈ ಹಿಡಿದು ನಿಲ್ಲಿಸಿ ಫೋಟೋ ತೆಗೆಯುವವರೂ ಇದ್ದರು. ಮನೆ ಕಳೆದುಕೊಂಡ ಮುದುಕರಿಗೆ "ಇಲ್ಲಿ ನೋಡಜ್ಜಾ, ಸ್ವಲ್ಪ ನಗು" ಎನ್ನುತ್ತಿದ್ದರು.

ಹಾಗೆಂದು ಜನರ ಗುಣವನ್ನು ದೂರಿ ಪ್ರಯೋಜನ ಇಲ್ಲ. 1973ರಲ್ಲಿ ಜಾನ್ ಡಾರ್ಲಿ ಮತ್ತು ಡೇನಿಯಲ್ ಬ್ಯಾಟ್ಸನ್ ಪ್ರಿನ್ಸ್‌ಟನ್‌ನಲ್ಲಿ ಪಾದ್ರಿಗಳಾಗಲು ಓದುತ್ತಿದ್ದ ಹುಡುಗರ ಮೇಲೆ ಮಾಡಿದ ಪ್ರಯೋಗ ಪ್ರಕಟವಾಯಿತು. ಭಾಷಣ ಮಾಡಲು ಹೊರಟವರ ದಾರಿಯಲ್ಲಿ ಒಬ್ಬ ಮನುಷ್ಯ ಕುಸಿದು ಕೆಮ್ಮುತ್ತಿದ್ದ. ಅವಸರ ಇಲ್ಲದವರಲ್ಲಿ ಶೇ 63 ಜನ ಸಹಾಯಕ್ಕೆ ನಿಂತರು. ತಡವಾಗಿದೆ ಓಡಿ ಎಂದು ಹೇಳಿಸಿಕೊಂಡವರಲ್ಲಿ ನಿಂತವರು ಶೇ 10 ಮಾತ್ರ. ಕೆಲವರು ಮಾತಾಡಲು ಹೊರಟಿದ್ದ ವಿಷಯವೇ ದಾರಿಯಲ್ಲಿ ಬಿದ್ದವನಿಗೆ ನೆರವಾದವನ ಕತೆ. ಅದರಿಂದಲೂ ದೊಡ್ಡ ವ್ಯತ್ಯಾಸ ಆಗಲಿಲ್ಲ. ಅದೇ ಹುಡುಗರು, ಅದೇ ನಂಬಿಕೆ. ಸಮಯ ಇತ್ತೋ ಇಲ್ಲವೋ ಎಂಬುದೇ ಹೆಚ್ಚಿನದನ್ನು ತೀರ್ಮಾನ ಮಾಡಿತು.

ಹಾಗಾದರೆ ಮನಸ್ಸು ಎಳೆದಾಗ ಮಾತ್ರ ಕೊಡುವುದು ಸಾಲದು. ಎಳೆಯದ ದಿನಕ್ಕೂ ಒಂದು ಏರ್ಪಾಡು ಬೇಕು. ನಮ್ಮ ಹಿಂದಿನವರಿಗೆ ಅಂಥ ಏರ್ಪಾಡು ಇತ್ತು. ನನ್ನ ತವರಿನಲ್ಲಿ ಹಿಂಗಾರಿ ಜೋಳದ ರಾಶಿ ನಡೆಯುತ್ತಿದ್ದದ್ದು ನನಗೆ ಚೆನ್ನಾಗಿ ನೆನಪಿದೆ. ಕಣಕ್ಕೆ ಸಗಣಿ ಸಾರಿಸಿ, ನಡುವೆ ಮೇಟಿ ನೆಟ್ಟು, ರಾತ್ರಿಯೆಲ್ಲ ಹಂತಿ ಹೊಡೆಯುತ್ತಿದ್ದರು. ತೂರಿದ ಮೇಲೆ ರಾಶಿಗೆ ಪೂಜೆ. ಅಳೆಯುವಾಗ ಮೊದಲನೆಯದನ್ನು ಒಂದು ಅನ್ನುವುದಿಲ್ಲ, ಲಾಭ ಅನ್ನುತ್ತಾರೆ. ಕಾಳು ಮನೆಗೆ ಹೋಗುವ ಮುಂಚೆ ಕಣದಲ್ಲೇ ಪಾಲು ಆಗುತ್ತಿತ್ತು. ಬಡಿಗೇರ, ಕಂಬಾರ, ಕುಂಬಾರ, ಹಡಪದ, ತಳವಾರ, ಎಲ್ಲರಿಗೂ ಅವರವರ ಆಯ. ಮೊರ ಹಿಡಿದು ಬಂದ ಜೋಗತಿಗೂ ಜೋಳ, ದರ್ಗಾದ ಫಕೀರನಿಗೂ ಜೋಳ. ಅವತ್ತು ಅಪ್ಪನ ಮನಸ್ಸು ಹೇಗಿದೆ ಎಂದು ಯಾರೂ ಕೇಳುತ್ತಿರಲಿಲ್ಲ. ಬೆಳೆ ಕಡಿಮೆಯಾದ ವರ್ಷ ಮೊರ ಅರ್ಧ ತುಂಬುತ್ತಿತ್ತು, ಅಷ್ಟೇ.

ಆ ಕಣವನ್ನು ಸ್ವರ್ಗ ಮಾಡಿ ಹೇಳಲು ನನಗೆ ಇಷ್ಟವಿಲ್ಲ. ಆಯಗಾರರಿಗೆ ಕೊಟ್ಟದ್ದು ದಾನವಲ್ಲ, ವರ್ಷವಿಡೀ ಮಾಡಿಸಿಕೊಂಡ ಕೆಲಸದ ಕೂಲಿ, ಅದೂ ಕಡಿಮೆ ಕೂಲಿ. ಯಾರು ಎಷ್ಟು ದೂರ ನಿಲ್ಲಬೇಕು ಎಂಬುದನ್ನು ಜಾತಿ ತೀರ್ಮಾನ ಮಾಡುತ್ತಿತ್ತು. ದೂರ ನಿಂತು ಸೆರಗೊಡ್ಡಿದವರಿಗೆ ಆ ದಿನ ಹೇಗನ್ನಿಸುತ್ತಿತ್ತೋ, ಅದನ್ನು ಅವರು ಹೇಳಬೇಕು, ನಾನಲ್ಲ. ಈಗ ಮಷಿನ್ ಬರುತ್ತದೆ, ಹೊಲದಲ್ಲೇ ಚೀಲ ತುಂಬುತ್ತದೆ, ಚೀಲ ನೇರ ಎಪಿಎಂಸಿಗೆ ಹೋಗುತ್ತದೆ. ಆ ದೂರ ನಿಲ್ಲುವುದು ಹೋಗಿದ್ದಕ್ಕೆ ನನಗೆ ಸಂತೋಷವಿದೆ. ಪಾಲು ಮೊದಲು, ಮನೆ ಆಮೇಲೆ ಎಂಬ ಕ್ರಮವೂ ಅದರ ಜೊತೆಗೇ ಹೋಯಿತಲ್ಲ ಎಂಬುದೇ ಸಂಕಟ.

ಮುಖ ನೋಡದೆ ಕೊಟ್ಟವರೂ ನಮ್ಮ ಕಡೆ ಇದ್ದಾರೆ. ಸವದತ್ತಿ ಸೀಮೆಯ ಶಿರಸಂಗಿಯ ಲಿಂಗರಾಜ ದೇಸಾಯಿಯವರು 1906ರಲ್ಲಿ ತೀರಿಕೊಂಡರು. ಮಕ್ಕಳಿರಲಿಲ್ಲ. ತಮ್ಮ ಆಸ್ತಿಯನ್ನು ಸಮಾಜದ ಮಕ್ಕಳ ಓದಿಗೆಂದು ಮೃತ್ಯುಪತ್ರ ಬರೆದಿಟ್ಟು ಹೋದರು. ಅದರಿಂದ ಓದಿದ ಹೆಚ್ಚಿನ ಮಕ್ಕಳು ಅವತ್ತಿಗೆ ಹುಟ್ಟೇ ಇರಲಿಲ್ಲ. 1916ರಲ್ಲಿ ಬೆಳಗಾವಿಯಲ್ಲಿ ಕೆಎಲ್‌ಇ ಶಿಕ್ಷಣ ಸಂಸ್ಥೆಯನ್ನು ಕಟ್ಟಿದ ಏಳು ಜನರಲ್ಲಿ ಹಲವರು ಸಂಬಳದ ಮೇಲೆ ಬದುಕುತ್ತಿದ್ದ ಶಿಕ್ಷಕರು. ರೋಕಿಯಾಳ ಚಿತ್ರದ ಪ್ರಯೋಗ ನೆನಪಾದಾಗಲೆಲ್ಲ ನನಗೆ ಇವರ ನೆನಪೂ ಬರುತ್ತದೆ. ಕಣ್ಣೆದುರು ಒಂದು ಮುಖವೂ ಇಲ್ಲದೆ ಇಷ್ಟು ಕೊಡಲು ಮನುಷ್ಯನಿಗೆ ಆಗುತ್ತದೆ ಎಂಬುದಕ್ಕೆ ಇವರಿಗಿಂತ ದೊಡ್ಡ ಸಾಕ್ಷಿ ನನಗೆ ಬೇಕಿಲ್ಲ.

2023ರ ಬರದ ನಂತರ ನಾವು ಕೆಲವು ಸಹೋದ್ಯೋಗಿಗಳು ಸೇರಿ ಒಂದು ಸಣ್ಣ ನಿಧಿ ಮಾಡಿದೆವು. ಸಂಬಳ ಬಂದ ದಿನ ಬ್ಯಾಂಕಿನಿಂದ ತಾನಾಗಿ ಒಂದು ಮೊತ್ತ ಹೋಗುತ್ತದೆ. ಗುಳೆ ಹೋಗುವವರ ಮಕ್ಕಳು ಊರಲ್ಲೇ ಉಳಿದು ಓದಬೇಕಲ್ಲ, ಅವರ ಊಟ, ವಸತಿ, ಪುಸ್ತಕಕ್ಕೆ ಅದು. ಪ್ರತಿ ತಿಂಗಳ ಲೆಕ್ಕವನ್ನು ಸ್ಟಾಫ್ ರೂಮಿನ ಬೋರ್ಡಿಗೆ ಹಚ್ಚುತ್ತೇವೆ. ಇಷ್ಟು ಕೆಜಿ ಜೋಳ, ಇಷ್ಟು ಎಣ್ಣೆ, ಇಬ್ಬರಿಗೆ ಕನ್ನಡಕ, ಅಡುಗೆಯವರ ಸಂಬಳ. ಇದನ್ನು ಸುಮ್ಮನೆ ಶಿಸ್ತಿಗೆಂದು ಮಾಡಿದ್ದಲ್ಲ. 2013ರಲ್ಲಿ ಆಕ್ನಿನ್ ಮತ್ತು ಸಂಗಡಿಗರು ತೋರಿಸಿದ ಹಾಗೆ, ದುಡ್ಡು ಒಂದು ದೊಡ್ಡ ನಿಧಿಗೆ ಸೇರಿತು ಅಂದಾಗಿಗಿಂತ, ನಿಮ್ಮ ದುಡ್ಡಿನಿಂದ ಒಂದು ಸೊಳ್ಳೆ ಪರದೆ ಬರುತ್ತದೆ ಎಂದು ಗೊತ್ತಾದಾಗ ಕೊಟ್ಟವರ ಖುಷಿ ಹೆಚ್ಚಿತ್ತು. ಖುಷಿ ಉಳಿದರೆ ಕೊಡುವುದೂ ಉಳಿಯುತ್ತದೆ ಎಂದು ನಮ್ಮ ನಂಬಿಕೆ. ಬೋರ್ಡಿನ ಮುಂದೆ ನಿಂತು ಲೆಕ್ಕ ಓದುವವರನ್ನು ನೋಡಿದರೆ ಆ ನಂಬಿಕೆ ತಪ್ಪಲ್ಲ ಅನ್ನಿಸುತ್ತದೆ.

ಒಂದು ವಿಷಯದಲ್ಲಿ ಮಾತ್ರ ನಮ್ಮಲ್ಲಿ ಜಗಳ ಇನ್ನೂ ಮುಗಿದಿಲ್ಲ. ಬೋರ್ಡಿನ ಮೇಲೆ ಮಕ್ಕಳ ಫೋಟೋ ಹಾಕೋಣ, ಇನ್ನೂ ಹತ್ತು ಜನ ಸೇರುತ್ತಾರೆ ಎಂದು ಕೆಲವರ ವಾದ. ಸೇರಬಹುದು. ಆದರೆ ಆ ಮಕ್ಕಳಲ್ಲಿ ಇಬ್ಬರು ಮೂವರು ಮುಂದೆ ನಮ್ಮ ಕಾಲೇಜಿಗೇ ಬರುವವರು. ಇದೇ ಸ್ಟಾಫ್ ರೂಮಿಗೆ ರೆಕಾರ್ಡ್ ಪುಸ್ತಕ ಸಹಿ ಮಾಡಿಸಲು ಬಂದಾಗ ಗೋಡೆಯ ಮೇಲೆ ತಮ್ಮದೇ ಮುಖವನ್ನು, ಅದರ ಕೆಳಗೆ ನಮ್ಮ ಹೆಸರುಗಳನ್ನು ಅವರು ಯಾಕೆ ನೋಡಬೇಕು? ಫೋಟೋ ಬದಲು ಅವರ ಹಾಜರಿಯ ಲೆಕ್ಕ ಹಚ್ಚೋಣ, ಹೆಸರಿಲ್ಲದೆ, ಬರೀ ಎಷ್ಟು ಮಕ್ಕಳು ಎಷ್ಟು ದಿನ ಶಾಲೆಗೆ ಬಂದರು ಅಂತ. ದುಡ್ಡು ಸ್ವಲ್ಪ ಕಡಿಮೆ ಬಂದರೂ ಮುಂದಿನ ಸಭೆಯಲ್ಲಿ ನನ್ನ ಓಟು ಅದಕ್ಕೇ.